ಕಕ್ಕೇರಾದಿಂದ ಬಂದ ಪ್ರಶ್ನೆ: ಸ್ಪರ್ಧೆಯ ಪಿಸ್ತೂಲನ್ನು ಅಳೆಯೋದು ಹೇಗೆ?

“ನನ್ನ ಮಗಳು ಎನ್‌ಸಿಸಿ ಕ್ಯಾಂಪಿನ್ಯಾಗ ಛಲೋ ಗುರಿ ಹೊಡದಾಳ್ರಿ. ಈಗ ಪಿಸ್ತೂಲ್ ಬೇಕಂತಾಳ. ಎರಡು ಎಕರೆ ಲಾವಣಿಗಿ ಕೊಟ್ಟರ ರೊಕ್ಕ ಆಗ್ತದ. ಯಾವ ಕಂಪನಿದು ತಗೋಬೇಕು? ನೀವು ಇಂಜಿನಿಯರಿಂಗ್ ಓದಿದೋರು, ಹೇಳ್ರಿ.”

ಸುರಪುರ ಸೀಮೆಯ ಕಕ್ಕೇರಾದ ಪರಿಚಿತ ರೈತರೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಹಿಂದೆಯೇ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಇಟಲಿಯ ಪಾರ್ದಿನಿ ಎಸ್‌ಪಿ, .22 ಬೋರಿನ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು. ಕೆಳಗೆ “ಇದೇ ಏನ್ರಿ ಮನು ಭಾಕರ್ ಮೆಡಲ್ ಹೊಡದದ್ದು?” ಅಂತ ಇನ್ನೊಂದು ಸಾಲು.

ಮೊದಲು ಆ ಎರಡನೇ ಪ್ರಶ್ನೆ ಬಗೆಹರಿಸಿಬಿಡೋಣ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಗೆದ್ದ ಎರಡೂ ಕಂಚು 10 ಮೀಟರ್ ಏರ್ ಪಿಸ್ತೂಲಿನವು. ಒಂದು ವೈಯಕ್ತಿಕ, ಇನ್ನೊಂದು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ. ಏರ್ ಪಿಸ್ತೂಲಿನಲ್ಲಿ ಮದ್ದು ಇರೋದಿಲ್ಲ. ಒತ್ತಿ ತುಂಬಿದ ಗಾಳಿ ಸೀಸದ ಪೆಲೆಟ್ಟನ್ನು ತಳ್ಳುತ್ತೆ, ಒಂದು ಸಲಕ್ಕೆ ಒಂದೇ. ಫೋಟೊದಲ್ಲಿದ್ದ ಜಾತಿಯದ್ದು, ಅಂದ್ರೆ ಮದ್ದು ಸುಡುವ .22 ಪಿಸ್ತೂಲು, ಬಳಕೆಯಾಗೋದು 25 ಮೀಟರ್ ಸ್ಪರ್ಧೆಯಲ್ಲಿ. ಅದರಲ್ಲಿ ಅವರು ನಾಲ್ಕನೆಯವರಾದರು. ಹಂಗೇರಿಯ ವೆರೊನಿಕಾ ಮೇಜರ್ ಜೊತೆಗಿನ ಶೂಟ್‌ಆಫ್‌ನಲ್ಲಿ ಮೂರನೇ ಪದಕ ಕೈತಪ್ಪಿತು.

ಇನ್ನು ಮೊದಲ ಪ್ರಶ್ನೆ. ಎರಡು ಎಕರೆಯ ಲಾವಣಿ ಹಣ ಅಂದ್ರೆ ಕೃಷ್ಣಾ ಕಾಲುವೆ ನೀರುಣ್ಣುವ ಆ ಸೀಮೆಯಲ್ಲಿ ಒಂದು ಮನೆಯ ವರ್ಷದ ಭತ್ತ. ಅದಕ್ಕೇ ಕಂಪನಿ ಹೆಸರು ಹೇಳಿ ಕೈತೊಳೆದುಕೊಳ್ಳೋಕೆ ಮನಸ್ಸಾಗಲಿಲ್ಲ. ಸ್ಪರ್ಧೆಯ ಪಿಸ್ತೂಲಿನಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳೋದು ನಿಜವಾಗಿ ಏನನ್ನು ಅಂತ ಬಿಡಿಸಿ ನೋಡಿದರೆ, ಕೊಳ್ಳೋದು ಯಾವಾಗ ಅನ್ನೋದೂ ತಾನಾಗಿ ಗೊತ್ತಾಗುತ್ತೆ.

ನಮ್ಮ ಕಡೆ ಪಿಸ್ತೂಲು ಅಂದ ಕೂಡ್ಲೆ ಜನಕ್ಕೆ ನೆನಪಾಗೋದು ಭೀಮಾ ತೀರದ ಕಂಟ್ರಿ ಪಿಸ್ತೂಲು, ಇಲ್ಲಾ ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಗತ್ತು. (ಆ ಗತ್ತಿಗೆ 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ.) ಸ್ವಲ್ಪ ಇತಿಹಾಸ ಓದಿದವರಿಗೆ ಸುರಪುರದ ಬೇಡ ನಾಯಕರ ಬಂದೂಕುಗಾರರು ನೆನಪಾಗಬಹುದು. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಇಲ್ಲಿನ ವಾಗಣಗೇರಾ ಕೋಟೆಯ ಮೇಲೆಯೇ. ಸ್ಪರ್ಧೆಯ ಪಿಸ್ತೂಲಿಗೆ ಈ ಯಾವುದರ ಜೊತೆಗೂ ನಂಟಿಲ್ಲ. ಅದರ ಮರದ ಹಿಡಿ ಅಂಗೈಯನ್ನು ಸುತ್ತಿಕೊಳ್ಳುವಷ್ಟು ದೊಡ್ಡದು. ಸೊಂಟಕ್ಕೆ ಸಿಕ್ಕಿಸೋಕೆ ಬರಲ್ಲ, ಜೇಬಿಗೆ ಹೋಗಲ್ಲ. ಗತ್ತಿಗೆ ಇಷ್ಟು ನಿರುಪಯೋಗಿ ಆಯುಧ ಮತ್ತೊಂದಿಲ್ಲ. ಅದೊಂದು ಅಳತೆಯ ಉಪಕರಣ, ವರ್ನಿಯರ್ ಕ್ಯಾಲಿಪರ್ ಇದ್ದ ಹಾಗೆ.

ಅಳೆಯೋದು ಏನನ್ನು ಅಂದ್ರೆ, ನಿಮ್ಮ ಕೈಯನ್ನು.

ಆಟದ ಚೌಕಟ್ಟು

ಮಹಿಳೆಯರ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಒಟ್ಟು 60 ಗುಂಡು. ಮೊದಲ 30 ನಿಧಾನದ್ದು: ಐದು ನಿಮಿಷಕ್ಕೆ ಐದು ಗುಂಡು, ಹೀಗೆ ಆರು ಸುತ್ತು. ಇಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿ.ಮೀ. ಉಳಿದ 30 ವೇಗದ್ದು: ಕೈ ಕೆಳಗಿಟ್ಟು ನಿಂತಿರಬೇಕು, ಮೂರು ಸೆಕೆಂಡು ಗುರಿ ತೆರೆಯುತ್ತೆ, ಅಷ್ಟರಲ್ಲಿ ಕೈ ಎತ್ತಿ ಒಂದೇ ಒಂದು ಗುಂಡು ಹೊಡೆಯಬೇಕು. ಏಳು ಸೆಕೆಂಡು ಬಿಟ್ಟು ಮತ್ತೆ ಮೂರು ಸೆಕೆಂಡು. ಇಲ್ಲಿ ಹತ್ತರ ವೃತ್ತ 100 ಮಿ.ಮೀ.ಗೆ ಹಿಗ್ಗುತ್ತೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ಪುರುಷರ ರ‍್ಯಾಪಿಡ್ ಫೈರ್ ಇನ್ನೂ ಕಠಿಣ. ಮುಕ್ಕಾಲು ಮೀಟರ್ ಅಂತರದಲ್ಲಿ ಸಾಲಾಗಿ ನಿಂತ ಐದು ಗುರಿಗೆ ಒಂದೊಂದು ಗುಂಡು. ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4 ಸೆಕೆಂಡಿನಲ್ಲಿ.

ಎಲ್ಲವೂ ಒಂದೇ ಕೈಯಲ್ಲಿ. ಸಿನಿಮಾದ ಪೊಲೀಸರ ಹಾಗೆ ಎರಡು ಕೈ ಜೋಡಿಸುವ ಹಾಗಿಲ್ಲ.

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ, ಅಂದ್ರೆ ಐಎಸ್‌ಎಸ್‌ಎಫ್, ಪಿಸ್ತೂಲಿಗೂ ಗೆರೆ ಎಳೆದಿದೆ. ತೂಕ 1400 ಗ್ರಾಂ ಮೀರಬಾರದು. 300 x 150 x 50 ಮಿ.ಮೀ. ಪೆಟ್ಟಿಗೆಯೊಳಗೆ ಇಡೀ ಪಿಸ್ತೂಲು ಕೂರಬೇಕು. ಬ್ಯಾರೆಲ್ 153 ಮಿ.ಮೀ. ದಾಟಬಾರದು. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವಿನ ಅಂತರ 220 ಮಿ.ಮೀ.ಗಿಂತ ಹೆಚ್ಚಿರಬಾರದು. ಟ್ರಿಗರ್ ಕನಿಷ್ಠ 1000 ಗ್ರಾಂ ಭಾರ ತಡೆಯಬೇಕು. ಪಾರ್ದಿನಿ, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವೆರ್ಕ್‌ಬಾವ್, ಸ್ವಿಟ್ಜರ್‌ಲೆಂಡಿನ ಮೊರಿನಿ, ಎಲ್ಲರೂ ಇದೇ ಪೆಟ್ಟಿಗೆಯೊಳಗೆ ಆಡಬೇಕು. ಹಾಗಾಗಿ ಈ ಕಂಪನಿಗಳ ಒಳ್ಳೆಯ ಮಾದರಿಗಳ ನಡುವೆ ಆಕಾಶ ಭೂಮಿ ಅಂತರ ಇರೋಕೆ ಸಾಧ್ಯವೇ ಇಲ್ಲ. ಅಂಗಡಿಯವರು ಇದನ್ನು ಹೇಳೋದಿಲ್ಲ.

ಒಂದು ಮಿಲಿಮೀಟರಿನ ಬೆಲೆ

ಮೇಲೆ ಹೇಳಿದ 220 ಮಿ.ಮೀ. ಅನ್ನೋ ಸಂಖ್ಯೆಯಲ್ಲೇ ಇಡೀ ಆಟ ಅಡಗಿದೆ. ಗುರಿ ಹಿಡಿಯುವಾಗ ಹಿಂದಿನ ಸೈಟಿನ ಚೌಕ ಕಚ್ಚಿನ ನಡುವೆ ಮುಂದಿನ ಸೈಟಿನ ಕಂಬ ಕೂರಬೇಕು, ಎರಡೂ ಬದಿ ಸಮ ಬೆಳಕು ಬಿಟ್ಟು. ಆ ಕಂಬ ಒಂದು ಮಿ.ಮೀ. ಪಕ್ಕಕ್ಕೆ ಸರಿದಿದ್ದರೆ ಏನಾಗುತ್ತೆ? 25 ಮೀಟರನ್ನು 220 ಮಿ.ಮೀ.ಯಿಂದ ಭಾಗಿಸಿ: ಸುಮಾರು 114. ಅಂದ್ರೆ ಕೈಯಲ್ಲಿ ಒಂದು ಮಿ.ಮೀ. ತಪ್ಪು ಗುರಿಯಲ್ಲಿ 114 ಮಿ.ಮೀ. ತಪ್ಪಾಗಿ ನಿಲ್ಲುತ್ತೆ. ಹತ್ತು ಬರಬೇಕಾದಲ್ಲಿ ಆರು.

ಈಗ ಇನ್ನೊಂದು ತಪ್ಪು ನೋಡಿ. ಸೈಟುಗಳು ಸರಿಯಾಗಿ ಹೊಂದಿವೆ, ಆದರೆ ಇಡೀ ಕೈ ಒಂದು ಸೆಂಟಿಮೀಟರ್ ಪಕ್ಕಕ್ಕೆ ಜರುಗಿದೆ, ಬ್ಯಾರೆಲಿನ ದಿಕ್ಕು ಮಾತ್ರ ಬದಲಾಗಿಲ್ಲ. ಗುಂಡು ಗುರಿಯಲ್ಲೂ ಒಂದೇ ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತೆ. ಹತ್ತು ಹತ್ತಾಗಿಯೇ ಉಳಿಯುತ್ತೆ. ಹೊಸಬರು ಕೈ ನಡುಗುತ್ತೆ ಅಂತ ಹೆದರುತ್ತಾರೆ, ನಡುಕ ನಿಂತ ಆ ಕ್ಷಣ ಹಿಡಿಯೋಣ ಅಂತ ಟ್ರಿಗರನ್ನು ಕಸಕ್ಕನೆ ಎಳೆಯುತ್ತಾರೆ. ನಡುಕದಿಂದ ಹೋಗೋದು ಒಂದು ಅಂಕ, ಕಸಕ್ಕನೆ ಎಳೆದದ್ದರಿಂದ ಹೋಗೋದು ನಾಲ್ಕು. ಯಾಕಂದ್ರೆ ಆ ಎಳೆತ ಪಿಸ್ತೂಲಿನ ಮೂತಿಯನ್ನು ತಿರುಗಿಸುತ್ತೆ.

ತಿಂಥಣಿ ಮೌನೇಶ್ವರ ಜಾತ್ರೆಯಲ್ಲೋ ಇನ್ನೆಲ್ಲೋ ಏರ್‌ಗನ್ನಿನಿಂದ ಬಲೂನಿಗೆ ಹೊಡೆದವರಿಗೆ ಇದರ ಅನುಭವ ಇರುತ್ತೆ. ಅಲ್ಲಿನ ಗನ್ನಿನ ಸೈಟು ಎಷ್ಟು ಸೊಟ್ಟಗಿದ್ದರೂ ಅಂಗಡಿಯವನು ತಾನು ಹೊಡೆದರೆ ಬಲೂನು ಒಡೆಯುತ್ತಾನೆ. ಸೊಟ್ಟ ಎಷ್ಟು ಅಂತ ಅವನಿಗೆ ಗೊತ್ತು, ಆ ಸೊಟ್ಟ ದಿನಾ ಅಷ್ಟೇ ಇರುತ್ತೆ. ಒಂದೇ ಥರದ ತಪ್ಪನ್ನು ತಿದ್ದಬಹುದು. ದಿನಕ್ಕೊಂದು ಥರ ಆಗುವ ತಪ್ಪಿಗೆ ಮದ್ದಿಲ್ಲ. ಪಿಸ್ತೂಲನ್ನು ಅಳೆಯುವ ಸೂತ್ರವೂ ಇದೇ.

ಎಷ್ಟು ನಿಖರ ಸಾಕು?

ಪಿಸ್ತೂಲು ತಯಾರಕರು ಡಬ್ಬಿಯ ಜೊತೆ ಒಂದು ಕಾಗದ ಕೊಡುತ್ತಾರೆ. ಯಂತ್ರದ ಹಿಡಿಕೆಗೆ ಪಿಸ್ತೂಲನ್ನು ಬಿಗಿದು 25 ಮೀಟರ್‌ಗೆ ಹೊಡೆದ ಗುಂಡುಗಳ ಗುಂಪು ಅದರಲ್ಲಿರುತ್ತೆ. ಒಳ್ಳೆಯ ಪಿಸ್ತೂಲಿನಲ್ಲಿ ಆ ಗುಂಪು 50 ಮಿ.ಮೀ.ಯ ಹತ್ತರ ವೃತ್ತದ ಅರ್ಧದೊಳಗೇ ಕೂರುತ್ತೆ. ಕೊಳ್ಳುವವರು ಆ ಕಾಗದ ನೋಡಿ, “ಇದರದ್ದು 20 ಮಿ.ಮೀ., ಅದರದ್ದು 40” ಅಂತ ಹೋಲಿಸಿ, ಹೆಚ್ಚು ದುಡ್ಡು ಕೊಟ್ಟು 20ರದ್ದನ್ನು ತರುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಕಲಿಕೆಯ ಹಂತದಲ್ಲಿರುವ ಶೂಟರ್ ಕೈಯ ಚದುರುವಿಕೆ 25 ಮೀಟರ್‌ನಲ್ಲಿ 150 ಮಿ.ಮೀ. ಅಂತ ಇಟ್ಟುಕೊಳ್ಳಿ. ಕೈಯ ತಪ್ಪೂ ಪಿಸ್ತೂಲಿನ ತಪ್ಪೂ ಒಂದಕ್ಕೊಂದು ಸಂಬಂಧ ಇಲ್ಲದವು, ಹಾಗಾಗಿ ಅವು ನೇರವಾಗಿ ಕೂಡಿಕೊಳ್ಳೋದಿಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು; ಹೈಸ್ಕೂಲಿನ ಪೈಥಾಗೊರಸ್‌ ಪ್ರಮೇಯದ ಹಾಗೆಯೇ. 20 ಮಿ.ಮೀ. ಪಿಸ್ತೂಲಿನಲ್ಲಿ ಒಟ್ಟು ಚದುರುವಿಕೆ 151 ಮಿ.ಮೀ. ಅದರ ಅರ್ಧದಷ್ಟೇ ನಿಖರವಾದ 40 ಮಿ.ಮೀ. ಪಿಸ್ತೂಲಿನಲ್ಲಿ 155 ಮಿ.ಮೀ. ವ್ಯತ್ಯಾಸ ನಾಲ್ಕೇ ಮಿಲಿಮೀಟರು! ದುಬಾರಿ ಪಿಸ್ತೂಲಿನ ಹೆಚ್ಚಿನ ನಿಖರತೆ ಕಲಿಯುವವರ ಕೈಯಲ್ಲಿ ಹೀಗೆ ಕರಗಿಹೋಗುತ್ತೆ.

ಅದೇ ಲೆಕ್ಕವನ್ನು 50 ಮಿ.ಮೀ. ಚದುರುವಿಕೆಯ ಪಳಗಿದ ಕೈಗೆ ಹಾಕಿ. 20ರ ಪಿಸ್ತೂಲಿನಲ್ಲಿ 54, 40ರದ್ದರಲ್ಲಿ 64. ಹತ್ತು ಮಿ.ಮೀ. ವ್ಯತ್ಯಾಸ ಬಂತು. ಒಲಿಂಪಿಕ್ಸ್ ಫೈನಲ್‌ನಲ್ಲಿ ಮಹಿಳೆಯರಿಗೆ 10.2 ಅಥವಾ ಮೇಲಿದ್ದರೆ ಮಾತ್ರ ಒಂದು ಅಂಕ, ಕೆಳಗಿದ್ದರೆ ಸೊನ್ನೆ. ಅಲ್ಲಿ ಆ ಹತ್ತು ಮಿ.ಮೀ. ಪದಕವನ್ನೇ ನಿರ್ಧರಿಸಬಹುದು. ದುಬಾರಿ ಪಿಸ್ತೂಲು ಸುಳ್ಳಲ್ಲ, ಅದರ ಸರದಿ ಬರೋದು ತಡವಾಗಿ ಅಷ್ಟೇ.

ಗುಂಪು ಅಳೆಯುವಾಗ ಇನ್ನೊಂದು ಎಚ್ಚರ ಬೇಕು. ಮೂರು ಗುಂಡು ಹೊಡೆದು, ಮೂರೂ ಅಂಟಿಕೊಂಡು ಬಿದ್ದವು ಅಂತ ವಿಡಿಯೊ ಹಾಕುವವರನ್ನು ನಂಬಬೇಡಿ. ಮೂರು ಗುಂಡಿನ ಗುಂಪು ಅದೃಷ್ಟದ ಆಟ. ಹತ್ತತ್ತು ಗುಂಡಿನ ಐದು ಗುಂಪಾದರೂ ಹೊಡೆದು ಸರಾಸರಿ ನೋಡಬೇಕು.

ಹಾಗಾದ್ರೆ ದುಡ್ಡು ಹೋಗೋದು ಯಾವುದಕ್ಕೆ?

ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಟ್ರಿಗರಿಗೆ. ಪಿಸ್ತೂಲಿನ ತೂಕ ಸುಮಾರು 1.2 ಕೆ.ಜಿ., ಟ್ರಿಗರ್ ಭಾರ 1 ಕೆ.ಜಿ. ಅಂದ್ರೆ ಕೈಯಲ್ಲಿ ತೂಗಾಡುವ ವಸ್ತುವನ್ನು ಹೆಚ್ಚುಕಡಿಮೆ ಅದರ ತೂಕದಷ್ಟೇ ಬಲದಿಂದ ಒಂದೇ ಬೆರಳಲ್ಲಿ ಎಳೆಯಬೇಕು, ಅದು ತಿರುಗಕೂಡದು. ಇದನ್ನು ಸಾಧ್ಯ ಮಾಡೋದು ಎರಡು ಹಂತದ ಟ್ರಿಗರ್. ಒಂದು ಕೆ.ಜಿ.ಯ ದೊಡ್ಡ ಪಾಲು, ಉದಾಹರಣೆಗೆ 700 ಗ್ರಾಂ, ಮೊದಲ ಹಂತದಲ್ಲೇ ಮುಗಿದುಹೋಗುತ್ತೆ. ಬೆರಳು ಒಂದು ಗೋಡೆ ಮುಟ್ಟಿದ ಹಾಗೆ ನಿಲ್ಲುತ್ತೆ. ಉಳಿದ 300 ಗ್ರಾಂ ಸೇರಿಸಿದರೆ ಗುಂಡು ಹೊರಟಿತು. ಆ ಗೋಡೆ ಸ್ಪಷ್ಟವಾಗಿರಬೇಕು, ಆಮೇಲಿನ ಬಿಡುಗಡೆ ಗಾಜಿನ ಕಡ್ಡಿ ಮುರಿದ ಹಾಗೆ ಇರಬೇಕು. ಮರಳಿನ ಮೇಲೆ ಕಬ್ಬಿಣ ಎಳೆದ ಹಾಗೆ ಕರಕರ ಅಂದರೆ ಅದು ಸ್ಪರ್ಧೆಯ ಟ್ರಿಗರ್ ಅಲ್ಲ. ಪರೀಕ್ಷೆ ಸುಲಭ: ಪಿಸ್ತೂಲು ಖಾಲಿ ಇದೆ ಅಂತ ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು, ಮುಂದಿನ ಸೈಟನ್ನೇ ನೋಡುತ್ತಾ ಇಪ್ಪತ್ತು ಸಲ ಟ್ರಿಗರ್ ಬಿಡಿ. ಆ ಕಂಬ ಎಷ್ಟು ಸಲ ಅಲ್ಲಾಡಿತು ಅಂತ ಎಣಿಸಿ.

ಇಲ್ಲೊಂದು ತಾಂತ್ರಿಕ ಸಂಗತಿ ಇದೆ. .22 ಕಾಡತೂಸಿನಲ್ಲಿ ಕಿಡಿಮದ್ದು ಅಂಚಿನಲ್ಲಿರುತ್ತೆ, ಹೊಡೆಯುವ ಪಿನ್ನು ಅಂಚಿಗೇ ಬಡಿಯಬೇಕು. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದರೆ ಕೆಲವು ಮಾದರಿಗಳಲ್ಲಿ ಪಿನ್ನು ಹೋಗಿ ಕಬ್ಬಿಣಕ್ಕೆ ಬಡಿದು ಹಾಳು ಮಾಡುತ್ತೆ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಇದಕ್ಕೆ ಬೇರೆ ವ್ಯವಸ್ಥೆ ಇರುತ್ತೆ. ಗುಂಡಿಲ್ಲದೆ ಮಾಡುವ ಅಭ್ಯಾಸ, ಅಂದ್ರೆ ಡ್ರೈ ಫೈರ್, ಈ ಕ್ರೀಡೆಯ ಮುಕ್ಕಾಲು ಸಾಧನೆ. ಅದಕ್ಕೆ ಅವಕಾಶ ಇಲ್ಲದ ಪಿಸ್ತೂಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ.

ಟ್ರಿಗರಿನ ನಂತರ ಗ್ರಿಪ್. ಹೆಚ್ಚಾಗಿ ವಾಲ್‌ನಟ್ ಮರದ್ದು. ಎಡಗೈ ಬಲಗೈಗೆ ಬೇರೆ ಬೇರೆ, ಸಣ್ಣ, ಮಧ್ಯಮ, ದೊಡ್ಡ ಅಳತೆಯಲ್ಲಿ ಬರುತ್ತೆ. ಅಂಗೈಯ ಅಡಿಗೆ ಮೇಲೆ ಕೆಳಗೆ ಜರುಗಿಸುವ ಒಂದು ಹಲಗೆ ಇರುತ್ತೆ. ಮಣಿಕಟ್ಟಿಗೆ ಆಸರೆ ಕೊಡುವ ಹಾಗಿಲ್ಲ, ನಿಯಮ. ಗ್ರಿಪ್ ಸರಿ ಇದೆಯಾ ಅಂತ ನೋಡೋಕೆ ಹಳೆಯ ಉಪಾಯ ಒಂದಿದೆ. ಕಣ್ಣು ಮುಚ್ಚಿ, ಕೈ ಎತ್ತಿ, ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಮುಂದಿನ ಸೈಟು ತಾನಾಗಿ ಹಿಂದಿನ ಕಚ್ಚಿನ ನಡುವೆ ಇದ್ದರೆ ಗ್ರಿಪ್ ನಿಮ್ಮದು. ಪ್ರತಿ ಸಲ ಎಡಕ್ಕೋ ಕೆಳಕ್ಕೋ ಇದ್ದರೆ, ಮಣಿಕಟ್ಟು ತಿರುಚಿ ಸರಿ ಮಾಡಿಕೊಳ್ಳಬೇಡಿ, ಗ್ರಿಪ್ಪನ್ನು ಸರಿ ಮಾಡಿ. ಎಲ್ಲಿ ಒತ್ತುತ್ತೋ ಅಲ್ಲಿ ಅರದಿಂದ ಉಜ್ಜಬೇಕು, ಎಲ್ಲಿ ಖಾಲಿ ಇದೆಯೋ ಅಲ್ಲಿ ಮರದ ಪುಟ್ಟಿ ಮೆತ್ತಬೇಕು. ಲಕ್ಷಗಟ್ಟಲೆ ಬೆಲೆಯ ಪಿಸ್ತೂಲಿನ ಹಿಡಿಗೆ ಪುಟ್ಟಿ ಮೆತ್ತಿದ್ದು ನೋಡಿ ನಗಬೇಡಿ. ಮೆತ್ತಿರದಿದ್ದರೆ ಅನುಮಾನ ಪಡಿ. ಬೆಳೆಯುವ ಮಕ್ಕಳ ಕೈ ಎರಡೇ ವರ್ಷದಲ್ಲಿ ಅಳತೆ ಬದಲಿಸುತ್ತೆ ಅನ್ನೋದೂ ಲೆಕ್ಕದಲ್ಲಿರಲಿ.

ಮೂರನೆಯದು ಒದೆತ. .22 ಗುಂಡಿನ ತೂಕ 2.6 ಗ್ರಾಂ, ವೇಗ ಸೆಕೆಂಡಿಗೆ 300 ಮೀಟರ್ ಅಂತ ಹಿಡಿದರೆ, 1.2 ಕೆ.ಜಿ. ಪಿಸ್ತೂಲು ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ ಸುಮಾರು 0.65 ಮೀಟರ್. ಗುಂಡು ಬ್ಯಾರೆಲ್ ಬಿಡೋಕೆ ಒಂದು ಮಿಲಿಸೆಕೆಂಡು ಕೂಡ ಬೇಡ. ಅಷ್ಟರಲ್ಲಿ ಪಿಸ್ತೂಲು ಜರುಗೋದು ಹೆಚ್ಚೆಂದರೆ ಕಾಲು ಮಿ.ಮೀ. ಹಾಗಾಗಿ ನಿಧಾನದ 30 ಗುಂಡಿಗೆ ಒದೆತ ದೊಡ್ಡ ವಿಷಯ ಅಲ್ಲ. ಅದು ಪ್ರತಿ ಸಲ ಒಂದೇ ಥರ ಇದ್ದರೆ ಸೈಟಿನ ತಿರುಪು ತಿರುಗಿಸಿ ತಿದ್ದಿಕೊಳ್ಳಬಹುದು. ಒದೆತದ ಬೆಲೆ ಗೊತ್ತಾಗೋದು ನಾಲ್ಕು ಸೆಕೆಂಡಿಗೆ ಐದು ಗುಂಡು ಹೊಡೆಯುವಾಗ. ಮೂತಿ ಎಷ್ಟು ಎತ್ತರಕ್ಕೆ ಹಾರಿತು, ಮರಳಿ ಅದೇ ಜಾಗಕ್ಕೆ ಬಂತೋ ಇಲ್ಲವೋ ಅನ್ನೋದೇ ಅಲ್ಲಿ ಅಂಕ.

ಇದಕ್ಕಾಗಿಯೇ ಈ ಪಿಸ್ತೂಲುಗಳ ಆಕಾರ ವಿಚಿತ್ರ. ಪಾರ್ದಿನಿ ಎಸ್‌ಪಿ, ವಾಲ್ಟರ್ ಜಿಎಸ್‌ಪಿಗಳಲ್ಲಿ ಐದು ಗುಂಡಿನ ಮ್ಯಾಗಜಿನ್ ಹಿಡಿಯೊಳಗಿಲ್ಲ, ಟ್ರಿಗರಿನ ಮುಂದಿದೆ. ಹಿಡಿಯೊಳಗೆ ಮ್ಯಾಗಜಿನ್ ಇಲ್ಲದ್ದರಿಂದ ಹಿಡಿಯನ್ನು ಬೇಕಾದ ಕೋನಕ್ಕೆ ಬಾಗಿಸಬಹುದು, ಬ್ಯಾರೆಲನ್ನು ಕೈಗೆ ಹತ್ತಿರವಾಗಿ ತಗ್ಗಿಸಬಹುದು. ಬ್ಯಾರೆಲ್ ತಗ್ಗಿದಷ್ಟೂ ಸನ್ನೆಯ ತೋಳು ಗಿಡ್ಡವಾಗಿ ಮೂತಿ ಕಡಿಮೆ ಹಾರುತ್ತೆ. ಒಳಗಿನ ಯಂತ್ರ ಮಾತ್ರ ಬಲು ಸರಳ. ಗುಂಡು ಮುಂದೆ ಹೋದ ಬಲದಲ್ಲೇ ಭಾರದ ಬೋಲ್ಟು ಹಿಂದೆ ಸರಿದು ಖಾಲಿ ಕವಚ ಹೊರಗೆಸೆಯುತ್ತೆ, ಸ್ಪ್ರಿಂಗು ಅದನ್ನು ಮುಂದೆ ತಳ್ಳಿ ಹೊಸದನ್ನು ತುಂಬುತ್ತೆ. ಇದಕ್ಕೆ ಬ್ಲೋಬ್ಯಾಕ್ ಅನ್ನುತ್ತಾರೆ. ಬೋಲ್ಟಿನ ತೂಕ, ಸ್ಪ್ರಿಂಗಿನ ಬಿಗಿ, ಗುಂಡಿನ ಶಕ್ತಿ ಈ ಮೂರೂ ಹೊಂದಿದರೆ ಮಾತ್ರ ಅದು ನಡೆಯುತ್ತೆ.

ಇಲ್ಲಿಯೇ ಹಳ್ಳಿಯ ಶೂಟರ್‌ಗೆ ಹೊಡೆತ ಬೀಳೋದು. ಪಿಸ್ತೂಲು ಹದವಾಗಿರೋದು ಸಾಧಾರಣ ವೇಗದ, ಒಂದು ದರ್ಜೆಯ ಕಾಡತೂಸಿಗೆ. ಸಿಗೋದು ಯಾವುದೋ ಒಂದು. ಶಕ್ತಿ ಕಡಿಮೆಯಾದರೆ ಬೋಲ್ಟು ಪೂರ್ತಿ ಹಿಂದೆ ಹೋಗದೆ ಕವಚ ಸಿಕ್ಕಿಕೊಳ್ಳುತ್ತೆ. ಹೆಚ್ಚಾದರೆ ಬೋಲ್ಟು ಹಿಂದಿನ ಬಫರಿಗೆ ಗುದ್ದಿ ಗುದ್ದಿ ಬಿರುಕು ಬಿಡುತ್ತೆ. ಜೊತೆಗೆ .22 ಗುಂಡಿಗೆ ಮೇಣ ಸವರಿರುತ್ತಾರೆ, ಆ ಮೇಣವೂ ಮಸಿಯೂ ಸೇರಿ ಒಳಗೆ ಅಂಟು ಕಟ್ಟುತ್ತೆ. ಹಾಗಾಗಿ ಒಂದು ಪಿಸ್ತೂಲು ನೋಡೋಕೆ ಹೋದರೆ ನಿಮಗೆ ವರ್ಷವಿಡೀ ಸಿಗುವ ಕಾಡತೂಸನ್ನೇ ತುಂಬಿ, ನಡುವೆ ಒರೆಸದೆ, ಕನಿಷ್ಠ ಇನ್ನೂರು ಗುಂಡು ಹೊಡೆದು ನೋಡಬೇಕು. ಎಷ್ಟು ಸಲ ಸಿಕ್ಕಿಕೊಂಡಿತು, ಯಾವ ಮ್ಯಾಗಜಿನ್ನಿನಲ್ಲಿ ಸಿಕ್ಕಿಕೊಂಡಿತು ಅಂತ ಬರೆದಿಟ್ಟುಕೊಳ್ಳಿ. ಹಳೆಯ ಪಿಸ್ತೂಲಾದರೆ ಮೊದಲು ನೋಡಬೇಕಾದ್ದು ಬ್ಯಾರೆಲ್ ಅಲ್ಲ. ಬಫರ್, ಸ್ಪ್ರಿಂಗು, ಕವಚ ಎಳೆಯುವ ಕೊಕ್ಕೆ, ಮ್ಯಾಗಜಿನ್ನಿನ ತುಟಿ ನೋಡಿ. ಸೀಸದ ಮೆತ್ತನೆ ಗುಂಡಿಗೆ ಬ್ಯಾರೆಲ್ ಸವೆಯೋದು ಬಹಳ ನಿಧಾನ. ಮಿಕ್ಕವು ಸವೆಯುತ್ತವೆ, ಅವುಗಳ ಬಿಡಿಭಾಗ ಯೂರೋಪಿನಿಂದ ಬರಬೇಕು.

ಕೈಕೊಡದೆ ನಡೆಯೋದು ಅನ್ನುವ ಗುಣದ ಬೆಲೆ ಗೊತ್ತಾಗಬೇಕಾದರೆ ಟೋಕಿಯೊ ನೆನಪಿಸಿಕೊಳ್ಳಿ. ಅಲ್ಲಿ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕಾದ ಆಟದಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ಸಮಯ ದುರಸ್ತಿಗೇ ಹೋಯಿತು. ಉಳಿದ ಸಮಯದಲ್ಲಿ ಅವಸರವಾಗಿ ಹೊಡೆದು 575 ಅಂಕ ಗಳಿಸಿ 12ನೆಯವರಾದರು; ಎರಡು ಅಂಕದ ಅಂತರದಲ್ಲಿ ಫೈನಲ್ ತಪ್ಪಿತು. ಅದು ಜಗತ್ತಿನ ಅತ್ಯುತ್ತಮ ದರ್ಜೆಯ ಪಿಸ್ತೂಲು, ಪಕ್ಕದಲ್ಲಿ ಕೋಚ್ ಇದ್ದರು, ಬದಲಿ ಪಿಸ್ತೂಲೂ ಇತ್ತು. ಇಷ್ಟೆಲ್ಲ ಇದ್ದಾಗಲೇ ಹೀಗಾದರೆ, ದುರಸ್ತಿ ಮಾಡುವವರು ನಾನೂರು ಕಿಲೋಮೀಟರ್ ಆಚೆ ಇರುವ ಊರಲ್ಲಿ?

ಕಾನೂನು ಅಂಗಡಿಗಿಂತ ಮೊದಲು ಬರುತ್ತೆ

ಯೂರೋಪಿನಲ್ಲಿ ಈ ಜಾತಿಯ ಪಿಸ್ತೂಲಿಗೆ ಎರಡು ಸಾವಿರ ಯೂರೋ ಆಸುಪಾಸು. ಆ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಲಾವಣಿ ಲೆಕ್ಕ ಹಾಕುವವರು ಒಂದು ವಿಷಯ ಮರೆಯುತ್ತಾರೆ: ಅದನ್ನು ಯಾರು ಬೇಕಾದರೂ ತರಿಸಿಕೊಳ್ಳುವ ಹಾಗಿಲ್ಲ. ಆಮದಿಗೆ ಅವಕಾಶ ಇರೋದು ರೈಫಲ್ ಸಂಸ್ಥೆಗಳಿಗೆ ಮತ್ತು ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಗದಿತ ಅಂಕ ದಾಟಿ ‘ರಿನೌನ್ಡ್ ಶಾಟ್’ ಮಾನ್ಯತೆ ಪಡೆದವರಿಗೆ. ಅಂದ್ರೆ ಮೊದಲು ಬೇರೆಯವರ ಪಿಸ್ತೂಲಿನಲ್ಲಿ ಹೊಡೆದು ಅಂಕ ತರಬೇಕು, ಆಮೇಲೆ ತನ್ನದು. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಪ್ರಶ್ನೆಗೆ ನಮ್ಮ ಸರ್ಕಾರ ಕೊಟ್ಟ ಉತ್ತರ: ಮೊದಲು ಕ್ಲಬ್ಬು.

.22 ಪಿಸ್ತೂಲಿಗೆ ಲೈಸೆನ್ಸ್ ಬೇಕೇ ಬೇಕು. ಜಿಲ್ಲೆಯಲ್ಲಿ ಅದನ್ನು ಕೊಡೋದು ಜಿಲ್ಲಾಧಿಕಾರಿ. 21 ವರ್ಷ ಆಗದವರ ಹೆಸರಿಗೆ ಆಯುಧ ಬರೋದಿಲ್ಲ. ಹನ್ನೆರಡು ದಾಟಿದ ಮಕ್ಕಳು ತರಬೇತಿಗಾಗಿ, ನಿಯಮದ ಚೌಕಟ್ಟಿನಲ್ಲಿ, ಮೇಲ್ವಿಚಾರಣೆಯಲ್ಲಿ ಬಳಸಬಹುದು ಅಷ್ಟೇ. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ಅದು ಮುಂದುವರಿದಿದೆ. ಅದನ್ನು ಕೇಳಿದವರು “ಅವರಿಗಿದ್ದರ ನಮಗ್ಯಾಕಿಲ್ಲ” ಅಂತ ಸುರಪುರದಲ್ಲೂ ಕೇಳುತ್ತಾರೆ. ಅದು ಬೇರೆಯದೇ ಚರ್ಚೆ, ಸ್ಪರ್ಧೆಯ ಪಿಸ್ತೂಲಿಗೆ ಅದರಿಂದ ದಾರಿ ಸಿಗೋದಿಲ್ಲ.

ಏರ್ ಪಿಸ್ತೂಲಿನ ಕಥೆ ಬೇರೆ. .177 ಬೋರಿನ, 20 ಜೌಲ್ ಮೀರದ ಏರ್ ಗನ್ನುಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ, ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಆ ಮಿತಿಗಿಂತ ಬಹಳ ಕೆಳಗೆ. ಪ್ರೆಸಿಹೋಲ್‌ನಂಥ ಭಾರತೀಯ ಕಂಪನಿಗಳೂ ಈಗ ತಯಾರಿಸುತ್ತವೆ. ಪೆಲೆಟ್ಟು ಕಾಡತೂಸಿನ ಹಾಗೆ ಲೈಸೆನ್ಸ್ ಪುಸ್ತಕದಲ್ಲಿ ಬರೆಸಿಕೊಂಡು ತರುವ ವಸ್ತು ಅಲ್ಲ. ಒದೆತ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹಾಗಾಗಿ ಗುಂಡು ಎಲ್ಲಿ ಬಿತ್ತೋ ಅದು ಪೂರ್ತಿ ನಿಮ್ಮ ಕೈಯ ತಪ್ಪು. ಬೈಯೋಕೆ ಬೇರೆ ಯಾರೂ ಸಿಗೋದಿಲ್ಲ. ಹತ್ತರ ವೃತ್ತ 11.5 ಮಿ.ಮೀ., ಟ್ರಿಗರ್ 500 ಗ್ರಾಂ. ಸೈಟು, ಟ್ರಿಗರ್, ಉಸಿರು, ನಿಲುವು ಈ ನಾಲ್ಕನ್ನೂ ಇದು .22ಗಿಂತ ಕಟ್ಟುನಿಟ್ಟಾಗಿ ಕಲಿಸುತ್ತೆ.

ಕರ್ನಾಟಕದ ಪಿಸ್ತೂಲು ಶೂಟರ್‌ಗಳ ಹೆಸರು ನೋಡಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸದಿಂದ ಬಂದವರು. 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿಯೂ ಅದರಲ್ಲೇ. ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದಲ್ಲಿ ಚಿನ್ನ, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತಂಡದ ಬೆಳ್ಳಿ ಗೆದ್ದದ್ದು, ಅವೂ ಏರ್ ಪಿಸ್ತೂಲಿನವೇ. ಇಬ್ಬರೂ ಬೆಂಗಳೂರಿನವರು ಅನ್ನೋದು ಕಾಕತಾಳೀಯ ಅಲ್ಲ. ರೇಂಜು ಎಲ್ಲಿದೆಯೋ ಶೂಟರ್ ಅಲ್ಲಿ ಹುಟ್ಟುತ್ತಾರೆ. ಎನ್‌ಸಿಸಿ ಕ್ಯಾಂಪಿನ .22 ರೈಫಲ್ ಹಿಡಿದ ಹತ್ತು ದಿನದಲ್ಲಿ ಯಾದಗಿರಿಯ ಎಷ್ಟು ಹುಡುಗಿಯರ ಕಣ್ಣು ಅರಳಿರುತ್ತೋ. ಕ್ಯಾಂಪು ಮುಗಿದ ಮೇಲೆ ಅವರಿಗೆ ಹೋಗೋಕೆ ಜಾಗ ಬೇಕು. ತಾಲ್ಲೂಕು ಕ್ರೀಡಾಂಗಣದ ಒಂದು ಕೋಣೆ, ನಾಲ್ಕು ಏರ್ ಪಿಸ್ತೂಲು, ತಿಂಗಳಿಗೆರಡು ಸಲ ಬರುವ ಕೋಚ್ ಇಷ್ಟಕ್ಕೆ ಆಗುವ ಖರ್ಚು ಒಂದು ಸ್ವಾಗತ ಕಮಾನಿನ ಖರ್ಚಿಗಿಂತ ಕಡಿಮೆ. ಕಲ್ಯಾಣ ಕರ್ನಾಟಕದ ಹೆಸರಲ್ಲಿ ಪ್ರತಿ ವರ್ಷ ಬರುವ ಅನುದಾನದ ಮುಂದೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಕೇಳುವವರು ಇಲ್ಲ ಅಂತ ಯಾರೂ ಹೇಳದಿರಲಿ ಅಂತಲೇ ಇದನ್ನು ಇಲ್ಲಿ ಬರೆದದ್ದು.

ಹಾಗಾದ್ರೆ ಕಕ್ಕೇರಾದ ಆ ಹುಡುಗಿಗೆ? ಹೊಲ ಲಾವಣಿಗೆ ಹಾಕೋದು ಬೇಡ. ಮೊದಲು ಹತ್ತಿರದ ಯಾವ ಕ್ಲಬ್ಬು ರಾಜ್ಯ ರೈಫಲ್ ಸಂಸ್ಥೆಗೆ ಸೇರಿದೆ ಅಂತ ವಿಚಾರಿಸಿ, ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅಲ್ಲಿನ ಪಿಸ್ತೂಲಿನಲ್ಲೇ ಹೊಡೆಯಲಿ. ಆಸಕ್ತಿ ಉಳಿದರೆ ಗ್ರಿಪ್ ಕೈಗೆ ಹೊಂದುವ ಒಂದು ಏರ್ ಪಿಸ್ತೂಲು, ಸಾಧ್ಯವಾದರೆ ಕೋಚ್ ನೋಡಿ ಒಪ್ಪಿದ ಸೆಕೆಂಡ್ ಹ್ಯಾಂಡ್. 60 ಗುಂಡಿಗೆ 550ರ ಸುತ್ತ ಅಂಕ ನಿಂತ ಮೇಲೆ ಕ್ಲಬ್ಬಿನ .22 ಮುಟ್ಟಲಿ. ಸ್ವಂತದ ಪಾರ್ದಿನಿಯೋ ವಾಲ್ಟರೋ ಅನ್ನುವ ಚರ್ಚೆ ಅದಾದ ಮೇಲೆ, ಮೇಲೆ ಹೇಳಿದ ಇನ್ನೂರು ಗುಂಡಿನ ಪರೀಕ್ಷೆಯ ಜೊತೆ.

ಮನೆಯಲ್ಲಿ ಅಭ್ಯಾಸಕ್ಕೆ ಬೇಕಾಗೋದು ನಿಂತ ಜಾಗದಿಂದ ಗುರಿಯವರೆಗೆ 10 ಮೀಟರ್, ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರ, ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಡಬ್ಬಿ, ಅದರ ಹಿಂದೆ ಬಾಗಿಲು ಕಿಟಕಿ ಇಲ್ಲದ ಗೋಡೆ. ಗುರಿಯ ಕಡೆಯಿಂದ ಜನ, ದನ ಯಾರೂ ಓಡಾಡುವ ಹಾಗಿರಬಾರದು. ದೊಡ್ಡವರು ಒಬ್ಬರು ಜೊತೆಗಿರಬೇಕು. ಅಭ್ಯಾಸ ಮುಗಿದ ಮೇಲೆ ಪಿಸ್ತೂಲು ಬೀಗದೊಳಗೆ, ಪೆಲೆಟ್ಟು ಬೇರೆ ಕಡೆ. ಭತ್ತದ ಚೀಲ ಒಟ್ಟುವ ಉದ್ದನೆಯ ಪಡಸಾಲೆ ಸುಗ್ಗಿ ಮುಗಿದ ಮೇಲೆ ಹೇಗೂ ಖಾಲಿ ಇರುತ್ತೆ.